ಫರಸಿ ಲೆಕ್ಕ

ರಾತ್ರಿ ಹನ್ನೊಂದೂವರಿಗೆ ವಾಡಿಯಿಂದ
ಲಾಡ್ಲೆಸಾಬನ ಫೋಟೋ ಬಂತು, ಹಿಂದೇ ಅವನ ದನಿ:
"ಅಂಬಣ್ಣ ಮಾಮಾ, ಆರು ಫೂಟ್ ಅದ,
ಅಡಗಿಮನಿ ಬಾಗಲ್ದಾಗೇ ಕುಂತದ,
ಯಾವ ಹಾಂವ, ಲಗೂ ಹೇಳ್ರಿ."

ಕನ್ನಡಕ ಹುಡುಕೋದ್ರಾಗ ಪರದೆ ಕಪ್ಪಾಯ್ತು.
ಮತ್ತ ಬೆಳಕು ಮಾಡಿ
ಮೊದಲ ಹಾಂವ ನೋಡಲಿಲ್ಲ ನಾನು.
ನೆಲ ನೋಡಿದೆ.

ನೆಲ ನನ್ನ ಗುರ್ತಿಂದು.
ಶಹಾಬಾದಿ ಫರಸಿ, ಮಳಿಮೋಡದ ಬಣ್ಣ,
ಒಂದು ಮೂಲಿಗೆ ಅರಿಶಿಣದಂಥ ಎಳಿ.
ಇಪ್ಪತ್ತೆರಡು ವರ್ಷ ಬ್ಲೇಡಿನ ನೀರು ಮಾರಿಗೆ ಹೊಡಿಸ್ಕೊಂಡು
ಇವನ್ನೇ ಕೊಯ್ದೀನಿ, ಎರಡು ಫೂಟಿಗೆ ಎರಡು ಫೂಟು.
ಒಂದು ಬೆರಳು ಹೆಚ್ಚಾದ್ರ ಸೇಟು ಬೈತಿದ್ದ,
ಕಮ್ಮಿಯಾದ್ರ ಕೂಲಿ ಮುರೀತಿದ್ದ.
ಮಿಶಿನ್ ಒಂದು ಬೆರಳು ತಾನೇ ಇಟ್ಕೊಂಡಿತು,
ಅದನ್ನ ಯಾರೂ ಅಳೀಲಿಲ್ಲ.

ಮೊಬೈಲ್ ನೆಲಕ್ಕ ಹಚ್ಚಿ ತೆಗೆದ್ರ ಎರಿಹುಳಾನೂ ಹೆಬ್ಬಾಂವ.
ಇವ ಮ್ಯಾಲಿಂದ ತೆಗೆದಾನ,
ನೀರಿನ ಡ್ರಮ್ಮು ಹತ್ತಿರಬೇಕು.
ಬಲ್ಲಿನ ಫರಸಿ ಅಗಲ ಕಾಣ್ತದ, ದೂರಿಂದು ಕಿರಿದು,
ನಡುಕ ಮಾತ್ರ ಎರಡರ ಮ್ಯಾಲೂ ಒಂದೇ.

ಹೆಂಡತಿಯ ಹೊಲಿಗಿ ಡಬ್ಬಿಯಿಂದ ದಾರ ತಂದು
ಪರದೆ ಮ್ಯಾಲ, ಹಾಂವಿನ ಮಡಿಕಿ ಗುಂಟ ಇಟ್ಟೆ.
ಬೆರಳು ತಾಗಿ ಚಿತ್ರ ಹಿಗ್ಗಿತು.
ಒಮ್ಮೆಗೇ ಇಡೀ ಅಂಗೈ ತುಂಬ ಹಾಂವ!
ಅರವತ್ತರ ಮುದುಕ, ಕೈ ಹಿಂದಕ್ಕ ಎಳ್ಕೊಂಡೆ.
ಚಿವುಟಿ ಸಣ್ಣದು ಮಾಡಿದೆ, ಮತ್ತ ದಾರ ಇಟ್ಟೆ:
ಬಾಲದಿಂದ ತಲಿ ತನಕ
ಒಂದು ಫರಸಿಯೂ ತುಂಬವಲ್ದು.

ಆದ್ರ ಉದ್ದ ಹೇಳಿದ್ರ ಹೆಸರು ಹೇಳಿದಂಗಲ್ಲ.
ಕಟ್ಟುಹಾಂವಿನ ಮರಿಯೂ ಇಷ್ಟೇ ಇರ್ತದ.
ಪಟ್ಟಿ ಎಲ್ಲಿಂದ ಸುರು? ಕುತ್ತಿಗಿಯಿಂದಲೇ.
ಬಾಲದ ಕಡೆ ಹೋದಂಗ ಅಳಸ್ತಾವ,
ಗ್ವಾಡಿ ಮ್ಯಾಲಿನ ಹಳೆ ಸುಣ್ಣದಂಗ.
ಕಟ್ಟುಹಾಂವಾದ್ರ ಬಾಲದಾಗೇ ಪಟ್ಟಿ ಖಡಕ್ ಇರ್ತಾವ.
ಬಾಲ ನೋಡಿದೆ, ಮತ್ತೊಮ್ಮೆ ಬಾಲ ನೋಡಿದೆ.

ಹೋದ ವರ್ಷ ಯಾರೋ ಅರ್ಧ ಫೋಟೋ ಕಳಿಸಿದ್ರು.
ತಲಿ ಇತ್ತು, ಬಾಲ ಕಟ್ಟಿಗಿ ಅಡಿಗೆ.
ಗಡಿಬಿಡಿಯೊಳಗ ನಾನೂ ಹೇಳಿಬಿಟ್ಟೆ.
ಯಾನ್ ಹೇಳಿದೆ ಅಂಬೋದು ನನ್ನ ಬಲ್ಲೇ ಇರಲಿ.

ಅದಕ್ಕ ಈ ಸಲ ಮೂರು ಸರ್ತಿ ನೋಡಿ,
ಉಳಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ:
'ತೋಳಹಾಂವ. ವಿಷ ಇಲ್ಲ. ಹಲ್ಲಿ ಹುಡುಕ್ಕೊಂಡು ಬಂದದ.
ಎರಡು ಫೂಟಿಗೆ ನಾಕು ಬೆರಳು ಕಮ್ಮಿ.
ಕೈ ಹಚ್ಚಬ್ಯಾಡ. ಹಿತ್ತಲ ಬಾಗಲ ತೆರಿ, ಹೋಗ್ತದ.'

ಎರಡು ನೀಲಿ ಗೀಟು ಬಿದ್ದವು.
ಎಷ್ಟೋ ಹೊತ್ತು ಏನೂ ಇಲ್ಲ.
ಸಿಮೆಂಟಿನ ರೈಲು ಹಳಿ ದಾಟಿ ಮುಗೀತು.

ಆಮ್ಯಾಲ ಇನ್ನೊಂದು ಫೋಟೋ.
ಅದೇ ಫರಸಿ. ಅದೇ ಅರಿಶಿಣದ ಎಳಿ.
ಹಾಂವನ್ನ ನೆಟ್ಟಗ ಮಲಗಿಸ್ಯಾರ, ಬಾಜೂಕ ರೊಟ್ಟಿ ಬಡಿಗಿ.
"ಮಾಮಾ, ನಿಮ್ದು ಬರೋದ್ರಾಗ ಆಗೇ ಹೋಗಿತ್ತು.
ಸತ್ತ ಮ್ಯಾಲ ಸಣ್ಣದಾಗ್ಯದ ನೋಡ್ರಿ."

ಈ ಸಲ ದಾರ ಬೇಕಾಗ್ಲಿಲ್ಲ.
ಈ ಸಂದಿನಿಂದ ಆ ಸಂದಿಗೆ
ನಾಕೇ ಬೆರಳು ಕಮ್ಮಿ, ಬರೋಬ್ಬರಿ.
ಯಾವ ಸೇಟೂ ಬೈಯೋಹಂಗಿಲ್ಲ.

ಬೈಬೇಕಂತ ನಾನೇ ಬಾಯಿ ತೆರೆದಿದ್ದೆ.
ಫೋಟೋದ ಅಂಚಿಗೆ ಒಂದು ಬರಿಗಾಲು ಬಂದಿತ್ತು,
ಲಾಡ್ಲೆಸಾಬಂದು.
ಐದೂ ಬೆರಳು ಇನ್ನೂ ನೆಲ ಬಿಟ್ಟು
ಮ್ಯಾಲಕ್ಕೇ ಎದ್ದಿದ್ವು.

'ಕೂಡು,' ಅಂತ ಬರೆದೆ.
'ನೀರು ಕುಡಿ, ಮಗಾ.'